ಕಳಿಂಗಕ್ಕೆ ಹೇಳದ ಪಶ್ಚಾತ್ತಾಪ

ರಣಭೂಮಿಯಲ್ಲಿ ಹೆಣಗಳ ರಾಶಿಯನ್ನು ಕಂಡು ಒಂದೇ ಕ್ಷಣದಲ್ಲಿ ಖಡ್ಗ ಕೆಳಗಿಟ್ಟ ಚಕ್ರವರ್ತಿ. ಶಾಲೆಯ ಪಠ್ಯದಿಂದ ಚಲನಚಿತ್ರದವರೆಗೆ ನಮಗೆ ಪರಿಚಿತನಾದ ಅಶೋಕ ಇವನೇ. ಆದರೆ ಶಾಸನಗಳಲ್ಲಿ ಕಾಣುವ ಮನುಷ್ಯ ಬೇರೆ. ನನಗೆ ಹೆಚ್ಚು ಹತ್ತಿರದವನೆನಿಸುವವನೂ ಅವನೇ.

ಬಿಂದುಸಾರನ ಮಗ ಅಶೋಕ ಪಟ್ಟಾಭಿಷಿಕ್ತನಾದದ್ದು ಕ್ರಿ.ಪೂ. 268ರ ಸುಮಾರಿಗೆ. ಎಂಟು ವರ್ಷಗಳ ಬಳಿಕ ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ನೆಲೆ ತಪ್ಪಿಸಿ ಸಾಗಿಸಲಾಯಿತು. ಈ ಲೆಕ್ಕವನ್ನು ಕೊಟ್ಟವನು ಸೋತವನಲ್ಲ, ಗೆದ್ದವನೇ ಎಂಬುದು ಗಮನಾರ್ಹ.

ಅವನ ಪರಿವರ್ತನೆ ಮಿಂಚಿನಂತೆ ಬಂದುದಲ್ಲ. ಬುದ್ಧನ ಉಪಾಸಕನಾದ ಮೇಲೂ ಮೊದಲ ಒಂದು ವರ್ಷ ತನ್ನಲ್ಲಿ ಹೆಚ್ಚಿನ ಉತ್ಸಾಹವಿರಲಿಲ್ಲವೆಂದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಅವನು ಒಪ್ಪಿಕೊಂಡಿದ್ದಾನೆ. ಪ್ರಾಣಿವಧೆಯನ್ನು ತಡೆಯಹೊರಟವನ ಅಡುಗೆಮನೆಯಲ್ಲಿ ಆಗಲೂ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಸಾಯುತ್ತಿದ್ದವು. ಜಿಂಕೆ ಪ್ರತಿದಿನವೂ ಅಲ್ಲ ಎಂಬ ವಿವರಣೆ ಬೇರೆ! ಮರಣದಂಡನೆಯನ್ನು ಅವನು ರದ್ದುಪಡಿಸಲಿಲ್ಲ, ಮೂರು ದಿನಗಳ ಅವಧಿ ಕೊಟ್ಟ. ಅರಣ್ಯವಾಸಿಗಳಿಗೆ ಅಭಯದ ಜೊತೆಗೇ ಎಚ್ಚರಿಕೆಯನ್ನೂ ನೀಡಿದ. ಕಳಿಂಗವನ್ನಂತೂ ಹಿಂತಿರುಗಿಸಲಿಲ್ಲ.

ಇನ್ನೂ ಒಂದು ಸಂಗತಿಯಿದೆ. ಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಶಿಲಾಶಾಸನ ಸಾಮ್ರಾಜ್ಯದ ಬೇರೆಡೆಗಳಲ್ಲಿದೆ. ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಇಲ್ಲ. ಇದನ್ನು ರಾಜಕೀಯ ಜಾಣ್ಮೆ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರ ಜಾಗದಲ್ಲಿ ಕೆತ್ತಿಸಿದ್ದೇನು? ಅಧಿಕಾರಿಗಳಿಗೆ ಕೊಟ್ಟ ಆಜ್ಞೆಗಳು. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು. ಕೋಪ, ಅವಸರ, ಆಲಸ್ಯಗಳಿಂದ ನ್ಯಾಯ ಕೆಡಬಾರದು. ಇದನ್ನು ನೋಡಲು ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯೊಬ್ಬ ಸಂಚರಿಸಬೇಕು. ಮನೆಯ ಗಂಡಸನ್ನು ಕಳೆದುಕೊಂಡ ಹೆಂಗಸಿಗೆ ರಾಜನ ಕಣ್ಣೀರಿನ ವರ್ಣನೆಯಿಂದ ಏನು ಪ್ರಯೋಜನ? ಉಳಿದ ಮಗನನ್ನು ಯಾವನೋ ಅಧಿಕಾರಿ ವಿನಾಕಾರಣ ಎಳೆದೊಯ್ಯದಿರಲಿ ಎಂಬುದೇ ಅವಳ ಹಂಬಲವಾಗಿದ್ದೀತು. ಕರುಣೆ ಮನಸ್ಸಿನ ಭಾವವಷ್ಟೇ ಎಂದುಕೊಂಡಿದ್ದ ನನಗೆ, ಅದು ಕಚೇರಿಯ ನಿಯಮವೂ ಆಗಬೇಕಾಗುತ್ತದೆ ಎಂದು ತೋರಿಸಿದ್ದು ಈ ಒಣ ಆಜ್ಞೆಗಳು.

ಆ ಆಜ್ಞೆಗಳು ಕಳಿಂಗದ ಹೊರಗೆ ದೊರೆತದ್ದು ನಮ್ಮ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ. ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ವಿಗ್ರಹವನ್ನು ನಿಲ್ಲಿಸಲೆಂದು ಹಿಂದೆ ಯಾರೋ ಅದರ ನಡುವೆ ಕೊರೆದ ಕುಳಿಯಲ್ಲಿ ಕೆಲವು ಅಕ್ಷರಗಳು ಅಳಿಸಿಹೋಗಿವೆ. ಉಳಿದವನ್ನು ಓದಬಹುದು.