ವಚನಪಿತಾಮಹ ಹಳಕಟ್ಟಿಯವರ ಪತ್ರಿಕಾ ವ್ಯವಸಾಯ

ಕಾನಸೂರಿನಂತಹ ಗ್ರಾಮದ ತರುಣನೊಬ್ಬನು ಇಂದು ಹಗಲಿನ ಉದ್ಯೋಗವನ್ನು ಬಿಡದೆಯೇ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಪತ್ರಿಕೋದ್ಯಮವನ್ನು ಅಭ್ಯಸಿಸಿ ಸ್ನಾತಕೋತ್ತರ ಪದವೀಧರನಾಗಬಹುದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ವಿಷಯದ ಬೋಧನೆ ಮೊದಲಾದದ್ದು 1951ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲೇ, ತರಗತಿಯಾಗಲಿ ಪರೀಕ್ಷೆಯಾಗಲಿ ಇಲ್ಲದೆ, ನ್ಯಾಯಾಲಯದ ಕೆಲಸದಿಂದ ಉಳಿದ ವೇಳೆಯಲ್ಲಿ ಆ ವಿದ್ಯೆಯನ್ನು ಕೈವಶ ಮಾಡಿಕೊಂಡವರು ಡಾ. ಫ. ಗು. ಹಳಕಟ್ಟಿಯವರು.

ಫಕೀರಪ್ಪನವರು ಜನಿಸಿದ್ದು 1880ನೆಯ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. 1904ರಲ್ಲಿ ಕಾನೂನು ಪದವಿಯನ್ನು ಪಡೆದ ಮಗ ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ ವಿಜಾಪುರದಲ್ಲಿ ನೆಲೆಸಿದರು. ಅಲ್ಲಿ ಅವರು ಕಟ್ಟಿ ಬೆಳೆಸಿದ ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕುಗಳ ಕಥೆಯೇ ಬೇರೊಂದು ಲೇಖನಕ್ಕೆ ಸಾಕು.

ರಬಕವಿ-ಬನಹಟ್ಟಿಯ ಕಡೆಯ ಮನೆಗಳಲ್ಲಿ ದೊರೆತ ತಾಳೆಗರಿಯ ಕಟ್ಟುಗಳು ಅವರ ಬಾಳಿನ ದಿಕ್ಕನ್ನೇ ತಿರುಗಿಸಿದವು. ಓದುವವರಿಲ್ಲದೆ ಹುಳುವಿನ ಪಾಲಾಗುತ್ತಿದ್ದ ವಚನಗಳನ್ನು ಅವರು ಊರೂರು ಅಲೆದು ಕೂಡಿಸಿದರು. ‘ವಚನಶಾಸ್ತ್ರಸಾರ’ವನ್ನು ಮೊದಲು ಕಳುಹಿಸಿದ ಮುದ್ರಣಾಲಯವು ಅಚ್ಚು ಮಾಡದೆ ಹಿಂದಿರುಗಿಸಿತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅದು ಬೆಳಕು ಕಂಡಿತು. ಅನ್ಯರ ಅಚ್ಚುಕೂಟವನ್ನು ನಂಬಿ ಕುಳಿತರೆ ಕೆಲಸ ಸಾಗದೆಂಬುದನ್ನು ಮನಗಂಡ ಅವರು ಇದ್ದ ಮನೆಯನ್ನು ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮನೆಯವರ ಪಾಲಿಗೆ ಇದು ಎಂತಹ ನಿರ್ಧಾರವಾಗಿದ್ದಿತೆಂಬುದನ್ನು ಗೃಹಸ್ಥರು ಊಹಿಸಿಕೊಳ್ಳಬಲ್ಲರು.

1926ರಲ್ಲಿ ‘ಶಿವಾನುಭವ’ವು ಹೊರಬಂದಿತು. ಮೊದಲು ತ್ರೈಮಾಸಿಕ, ಮುಂದೆ ಮಾಸಿಕ. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಸಂದಿತು. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಸೇರಿತು. ಹಸ್ತಪ್ರತಿಯ ಪರಿಷ್ಕರಣ, ಕರಡು ತಿದ್ದುವಿಕೆ, ಚಂದಾದಾರರ ಸಂಪಾದನೆ, ಕಾಗದದ ಬೆಲೆಯ ಚಿಂತೆ, ಎಲ್ಲವೂ ಅವರ ಹೆಗಲ ಮೇಲೆ. ವಕೀಲಿಯ ಗಳಿಕೆ ಪತ್ರಿಕೆಗೆ ಹರಿಯಿತೇ ಹೊರತು ಪತ್ರಿಕೆಯಿಂದ ಮನೆಗೆ ಬಂದದ್ದು ಬಡತನವೇ.

ಅವಧಿಗೆ ಸರಿಯಾಗಿ ಸಂಚಿಕೆ ಹೊರಡಬೇಕಾದಲ್ಲಿ ಪಾಠಪರಿಶೋಧನೆಗೆ ಬೇಕಾದ ನಿಧಾನ ದೊರೆಯುವುದಿಲ್ಲ. ಅವರ ಪಾಠಗಳನ್ನು ಅನಂತರದ ವಿದ್ವಾಂಸರು ಹಲವೆಡೆ ತಿದ್ದಬೇಕಾಯಿತೆಂಬುದು ನಿಜ. ಆದರೆ ನಿಯತಕಾಲಿಕೆಯ ಒತ್ತಾಯವಿಲ್ಲದಿದ್ದರೆ ಆ ಗರಿಗಳು ಕಟ್ಟಿನಲ್ಲಿಯೇ ಪುಡಿಯಾಗುತ್ತಿದ್ದವು. ಅವರಿಗೆ ಮೊದಲು ಹೆಸರು ತಿಳಿದಿದ್ದ ವಚನಕಾರರು ಸುಮಾರು 50 ಮಂದಿ. ಅವರ ಶೋಧದಿಂದ ಆ ಸಂಖ್ಯೆ 250ನ್ನು ಮುಟ್ಟಿತೆಂದು ಹೇಳಲಾಗುತ್ತದೆ. 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಿದಾಗ, ಅದರ ತಳಪಾಯದಲ್ಲಿ ಆ ಹಳೆಯ ಸಂಚಿಕೆಗಳ ದುಡಿಮೆಯಿದ್ದಿತು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಪತ್ರಿಕಾವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಕಲಿಯದ ಆ ಸಂಪಾದಕರು 1964ನೆಯ ಜೂನ್ 29ರಂದು ಲಿಂಗೈಕ್ಯರಾದರು.