ಕಲ್ಲುಗಳನ್ನು ಓದಿದ ರೈಸ್ ದೊರೆಗಳು

ಅಮೇರಿಕಾ ದೇಶದ ಅಬ್ರಹಾಂ ಲಿಂಕನ್ನರ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿಯೇ ಇದ್ದಾರೆ. ಮರದ ದಿಮ್ಮಿಗಳಿಂದ ಕಟ್ಟಿದ ಬಡ ಮನೆಯಲ್ಲಿ ಬೆಳೆದ ಆ ಹುಡುಗನು, ವೀಮ್ಸ್ ಎಂಬ ಪಾದ್ರಿಗಳು ಬರೆದ ವಾಷಿಂಗ್ಟನ್ನರ ಚರಿತ್ರೆಯನ್ನು ನೆರೆಯ ರೈತನಿಂದ ಎರವಲು ತಂದನೆಂದೂ, ಮಳೆನೀರು ಸೋರಿ ಪುಸ್ತಕವು ಕೆಟ್ಟುಹೋಗಲು ಅದರ ಬೆಲೆಗಾಗಿ ಆ ರೈತನ ಹೊಲದಲ್ಲಿ ದುಡಿದು ಸಾಲ ತೀರಿಸಿದನೆಂದೂ ಹೇಳುತ್ತಾರೆ. 1861ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಹೋಗುತ್ತಿರುವಾಗಲೂ ಅವರು ಆ ಪುಸ್ತಕವನ್ನು ಜ್ಞಾಪಿಸಿಕೊಂಡು ಮಾತಾಡಿದರು. ಆ ದೇಶದ ಅನೇಕ ಬಡವರ ಮನೆಗಳಲ್ಲಿ ಸತ್ಯವೇದದ ಮಗ್ಗುಲಲ್ಲೇ ಸ್ವದೇಶದ ಚರಿತ್ರೆಯೂ ಇರುತ್ತಿತ್ತು. ಮಕ್ಕಳು ಎರಡನ್ನೂ ಓದಿ ಆನಂದಪಡುತ್ತಿದ್ದರು.

ಅದೇ ಕಾಲದಲ್ಲಿ ಶಿವಮೊಗ್ಗದ ಸೀಮೆಯಲ್ಲಿ ಹುಟ್ಟಿದ ಹುಡುಗನೊಬ್ಬನು ತನ್ನ ನಾಡಿನ ಚರಿತ್ರೆಯನ್ನು ಎರವಲು ತರಬೇಕೆಂದು ಹೊರಟಿದ್ದರೆ ಯಾರ ಮನೆಗೆ ಹೋಗಬೇಕಿತ್ತು? ಚರಿತ್ರೆಯು ಇಲ್ಲದೆ ಇರಲಿಲ್ಲ. ಅದು ಕೆರೆಯ ಏರಿಯ ಮೇಲೆಯೂ, ಗುಡಿಯ ಅಂಗಳದಲ್ಲಿಯೂ, ಹೊಲದ ಬದುವಿನಲ್ಲಿಯೂ ಕಲ್ಲಾಗಿ ನಿಂತಿತ್ತು. ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು. ಅದರ ಹಳೆಯ ಅಕ್ಷರಗಳನ್ನು ಊರಿನಲ್ಲಿ ಓದಬಲ್ಲವರಿರಲಿಲ್ಲವಾದದರಿಂದ, ಅದರ ಕೆಳಗೆ ನಿಧಿಯಿದೆಯೆಂದು ಕೆಲವರು ಅಗೆದದ್ದೂ ಉಂಟು. ಆ ಕಲ್ಲುಗಳನ್ನು ಪುಸ್ತಕ ಮಾಡಿಕೊಟ್ಟವರಾದ ಬೆಂಜಮಿನ್ ಲೂಯಿಸ್ ರೈಸ್ ದೊರೆಗಳ ಚರಿತ್ರೆಯನ್ನು ಈಗ ಹೇಳುವೆವು.

ಇವರ ತಂದೆಯವರಾದ ಬೆಂಜಮಿನ್ ರೈಸ್ ಅಯ್ಯನವರು ಲಂಡನ್ ಮಿಶನಿನವರಿಂದ ಕಳುಹಿಸಲ್ಪಟ್ಟು 1837ರಲ್ಲಿ ಬೆಂಗಳೂರಿಗೆ ಬಂದರು. 1887ರಲ್ಲಿ ತೀರಿಕೊಳ್ಳುವ ವರೆಗೂ ಐವತ್ತು ವರುಷ ಅಲ್ಲಿಯೇ ಸುವಾರ್ತೆಯ ಸೇವೆಯನ್ನು ನಡಿಸಿದರು. ಕನ್ನಡ ಸತ್ಯವೇದವನ್ನು ತಿದ್ದುವ ಕೆಲಸದಲ್ಲಿಯೂ ಕೈಯಿಟ್ಟರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಅವರ ಹೆಸರಿನದು. ತಂದೆಯು ಬಂದ ವರುಷವೇ ಜುಲೈ ತಿಂಗಳ 17ರಲ್ಲಿ ಮಗನು ಬೆಂಗಳೂರಿನಲ್ಲಿ ಹುಟ್ಟಿದನು. ಇವರ ತಮ್ಮಂದಿರಾದ ಇ. ಪಿ. ರೈಸ್ ಅಯ್ಯನವರು ತಂದೆಯಂತೆ ಮಿಶನರಿಯಾದರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲೀಷಿನಲ್ಲಿ ಬರೆದವರು ಅವರೇ. ಲೂಯಿಸ್ ರೈಸರು ಪ್ರಸಂಗಪೀಠವನ್ನು ಏರಲಿಲ್ಲ. ಆದರೂ ಅವರಿಗೆ ಕನ್ನಡದಲ್ಲಿದ್ದ ಪ್ರೀತಿಯು ಮಿಶನ್ ಮನೆಯಲ್ಲಿಯೇ ಬೇರೂರಿದ್ದೆಂದು ನಾವು ನಂಬುತ್ತೇವೆ.

ಇಂಗ್ಲೆಂಡಿನಲ್ಲಿ ವಿದ್ಯೆ ಮುಗಿಸಿ 1860ರಲ್ಲಿ ಬೆಂಗಳೂರಿಗೆ ಹಿಂದಿರುಗಿದ ಇವರು ಮೊದಲು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಕೊಡಗುಗಳ ಶಾಲಾ ತನಿಖಾಧಿಕಾರಿಗಳಾದರು. ತರುವಾಯ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಹೋಬಳಿಗೊಂದು ಕನ್ನಡ ಶಾಲೆ ಇರಬೇಕೆಂಬ 1868ರ ಏರ್ಪಾಡು ಇವರದು. ಪಟ್ಟಣದವರಿಗೆ ಇದು ಅಲ್ಪ ಸಂಗತಿಯಾಗಿ ತೋರಬಹುದು. ಹಳ್ಳಿಯವರಾದ ನಮಗೆ ಅಲ್ಪವಲ್ಲ.

ಶಾಲೆಗಳನ್ನು ನೋಡುವದಕ್ಕೆ ಊರಿಂದೂರಿಗೆ ಪ್ರಯಾಣ ಮಾಡುವಾಗ ದಾರಿಯಲ್ಲಿ ಕಲ್ಲುಗಳು ಕಣ್ಣಿಗೆ ಬಿದ್ದವು. ಡಿಕ್ಸನ್ ಎಂಬ ಸೇನಾಧಿಕಾರಿಗಳು ಕೆಲವು ಶಾಸನಗಳ ಛಾಯಾಚಿತ್ರಗಳನ್ನು ಮೊದಲೇ ತೆಗೆದಿದ್ದರು. ಅವುಗಳನ್ನು ಓದುವ ಕೆಲಸವು ರೈಸರಿಗೆ ಬರಲು, ಅವರು ಪಂಡಿತರನ್ನು ಜೊತೆಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಬಿಡಿಸಿ 1879ರಲ್ಲಿ ಮೈಸೂರಿನ ಶಾಸನಗಳೆಂಬ ಪುಸ್ತಕವನ್ನು ಪ್ರಕಟಿಸಿದರು. 1890ರಿಂದ 1906ರಲ್ಲಿ ವಿಶ್ರಾಂತಿ ಹೊಂದುವ ವರೆಗೆ ಪ್ರಾಚೀನ ಶೋಧನೆಯ ಇಲಾಖೆಯೇ ಅವರ ಪೂರ್ಣ ಕೆಲಸವಾಯಿತು. 1892ರಲ್ಲಿ ಮೊಳಕಾಲ್ಮೂರಿನ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಕಂಡುಹಿಡಿದದ್ದು ಲೋಕಪ್ರಸಿದ್ಧವಾಗಿದೆ.

ಈ ಕೆಲಸವು ಹೇಗೆ ನಡೆಯುತ್ತದೆಂಬದನ್ನು ವಾಚಕರು ತಿಳಿಯಬೇಕು. ಕಲ್ಲನ್ನು ತೊಳೆದು ಪಾಚಿಯನ್ನೂ ಸುಣ್ಣವನ್ನೂ ಉಜ್ಜಿ ತೆಗೆಯುತ್ತಾರೆ. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಗಳಲ್ಲಿ ಕೂತುಕೊಳ್ಳುವಂತೆ ಬ್ರಶ್ಶಿನಿಂದ ಬಡಿಯುತ್ತಾರೆ. ಮೇಲೆ ಮಸಿಯನ್ನು ತಟ್ಟಿದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರವು ಬಿಳುಪಾಗಿಯೂ ಏಳುತ್ತದೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಬಿಸಿಲಿನಲ್ಲಿ, ಮಲೆನಾಡಿನ ಜಿಗಣೆಗಳ ನಡುವೆ, ಸಾವಿರಾರು ಕಲ್ಲುಗಳ ಮುಂದೆ ಕೂತವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರಿಗೂ ತಿಳಿಯದು. ಸಹಾಯಕರಲ್ಲಿ ಆರ್. ನರಸಿಂಹಾಚಾರ್ಯರು ಮಾತ್ರ ರೈಸರ ತರುವಾಯ ಅವರ ಸ್ಥಾನಕ್ಕೆ ಬಂದು ಪ್ರಖ್ಯಾತರಾದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನ 12 ಸಂಪುಟಗಳಲ್ಲಿ ಹೀಗೆ ಸುಮಾರು 9,000 ಶಾಸನಗಳು ಅಚ್ಚಾದವು.

ಇವುಗಳಲ್ಲಿ ಎರಡು ಸಂಪುಟಗಳು ನಮ್ಮ ಜಿಲ್ಲೆಯವೇ. 1902ರ ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಯ ಸೀಮೆಗಳೂ, 1904ರ ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳೂ ಸೇರಿವೆ. ಭದ್ರಾವತಿಯವರು ತಮ್ಮ ಊರನ್ನು ಹುಡುಕಿದರೆ ಬೆಂಕಿಪುರವೆಂಬ ಹಳೆಯ ಹೆಸರನ್ನು ಜ್ಞಾಪಕದಲ್ಲಿಡಬೇಕು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹತ್ತುವದಕ್ಕೆ ಎಷ್ಟೋ ಶತಮಾನಗಳ ಮೊದಲೇ ಅಲ್ಲಿ ಹೊಯ್ಸಳರ ಕೈಕೆಲಸದ ನರಸಿಂಹನ ಗುಡಿಯು ನಿಂತಿತ್ತು. ಊರು ಕಾರ್ಖಾನೆಯಿಂದಲೇ ಹುಟ್ಟಿತೆಂದು ಎಣಿಸುವವರು ಇದನ್ನು ಗಮನಿಸಲಿ.

ಶಿಕಾರಿಪುರದ ಬಳಿಯ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ಒಂದು ಕಂಬವಿದೆ. ಅದರ ಬರಹವು ಅಡ್ಡಲಾಗಿಲ್ಲ, ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಇದನ್ನು ಬೆಳಕಿಗೆ ತಂದವರು ರೈಸರು. ಮಯೂರಶರ್ಮನೆಂಬ ಬ್ರಾಹ್ಮಣ ವಿದ್ಯಾರ್ಥಿಯು ಓದುವದಕ್ಕಾಗಿ ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ರಾವುತರಿಂದ ಅವಮಾನ ಹೊಂದಿ, ದರ್ಭೆಯನ್ನು ಬಿಟ್ಟು ಕತ್ತಿಯನ್ನು ಹಿಡಿದು, ಕದಂಬರ ರಾಜ್ಯವನ್ನು ಸ್ಥಾಪಿಸಿದ ವೃತ್ತಾಂತವು ಅದರಲ್ಲಿದೆ. ಅದನ್ನು ರಚಿಸಿದ ಕುಬ್ಜನೆಂಬ ಕವಿಯು ತಾನೇ ಕಲ್ಲಿನ ಮೇಲೆ ಬರೆದನಂತೆ. ಈ ಕಂಬವು ಓದಲ್ಪಡದಿದ್ದರೆ ಮಯೂರಶರ್ಮನ ಕಥೆಯು ಶಾಲೆಯ ಮಕ್ಕಳಿಗೆ ಇಂದಿನ ರೀತಿಯಲ್ಲಿ ದೊರೆಯುತ್ತಿರಲಿಲ್ಲ.

ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಇನ್ನೂ ಹೃದಯಂಗಮವಾದದ್ದು. ಆ ಮಠದಲ್ಲಿ ವೇದಗಳನ್ನೂ ವ್ಯಾಕರಣಗಳನ್ನೂ ಕಲಿಸುತ್ತಿದ್ದರೆಂದೂ, ದರಿದ್ರರು, ಕುಂಟರು, ಕುರುಡರು, ಕಿವುಡರಿಗೆ ಅನ್ನವಿಡುತ್ತಿದ್ದರೆಂದೂ, ಜೈನ ಬೌದ್ಧ ಸನ್ಯಾಸಿಗಳನ್ನೂ ಹೊರಗೆ ಹಾಕುತ್ತಿರಲಿಲ್ಲವೆಂದೂ, ರೋಗಿಗಳಿಗೆ ಔಷಧವಿತ್ತೆಂದೂ ಅದು ತಿಳಿಸುತ್ತದೆ. ಮಹಾ ಔತಣದ ಸಾಮ್ಯವನ್ನು ಬಲ್ಲ ನಮ್ಮ ಸಭೆಯವರಿಗೆ ಈ ಪಟ್ಟಿಯು ಅಪರಿಚಿತವಾಗಿ ತೋರದು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುವದು ಅವಶ್ಯ. ಗುಡಿಯ ಅಂಗಳದ ಕಲ್ಲು ಅನ್ಯರದು, ಅದರ ಸಂಗತಿ ನಮಗೇಕೆ ಎಂದು ನಮ್ಮವರಲ್ಲಿ ಕೆಲವರು ಅನ್ನುತ್ತಾರೆ; ಈ ನಾಡಿನ ಹಳೆಯ ಕಥೆಯಲ್ಲಿ ಕ್ರೈಸ್ತರಿಗೆ ಪಾಲಿಲ್ಲವೆಂದು ಹೊರಗಿನವರೂ ಕೆಲವರು ಅನ್ನುತ್ತಾರೆ. ಇಬ್ಬರ ಮಾತೂ ನಮಗೆ ಒಪ್ಪಿಗೆಯಿಲ್ಲ. ಮಿಶನರಿಯ ಮಗನು ಶೈವರ, ಜೈನರ, ವೈಷ್ಣವರ ಕಲ್ಲುಗಳ ಮುಂದೆ ಕೂತನು, ಕಲ್ಲಿಗೆ ಅಡ್ಡಬೀಳಲಿಲ್ಲ, ಅದನ್ನು ಒಡೆಯಲೂ ಇಲ್ಲ, ತೊಳೆದು ಓದಿದನು. ಯೊರ್ದನನ್ನು ದಾಟಿದ ಜನರು ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿದ್ದು, ಮುಂದೆ ಮಕ್ಕಳು ಇವು ಏನೆಂದು ಕೇಳುವರೆಂದೇ ಅಲ್ಲವೇ? ನಮ್ಮ ಮಕ್ಕಳು ಕೇಳಿದರೆ ನಾವು ಏನು ಹೇಳುವೆವು?

ಆ ಕಲ್ಲುಗಳಲ್ಲಿ ಹೆಚ್ಚಾಗಿ ಅರಸರ ಹೆಸರೂ ದಾನಿಗಳ ಹೆಸರೂ ಇವೆಯೆಂಬದು ನಿಜ. ಹೊಲವನ್ನು ಉತ್ತವರ ಹೆಸರು, ಮುಖ್ಯವಾಗಿ ಊರ ಹೊರಗೆ ಇಡಲ್ಪಟ್ಟವರ ಹೆಸರು ಅಪರೂಪ. ನಮ್ಮಲ್ಲಿ ಬಹು ಮಂದಿ ಅಂಥವರ ಸಂತತಿಯೇ. ಆದರೂ ದನಗಳನ್ನು ಕಳ್ಳರಿಂದ ಬಿಡಿಸುವದಕ್ಕೆ ಹೋಗಿ ಸತ್ತ ಹಳ್ಳಿಯವರ ವೀರಗಲ್ಲುಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ. ರೈಸರು ಅವುಗಳನ್ನೂ ಅರಸರ ಶಾಸನಗಳ ಸಾಲಿನಲ್ಲಿಯೇ ಅಚ್ಚು ಹಾಕಿಸಿದರು. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಗೆ ಹೋದವರು ಅಲ್ಲಿ ಇಟ್ಟಿರುವ ಹಳೆಯ ಕಲ್ಲುಗಳನ್ನು ಕಣ್ಣಾರೆ ನೋಡಬಹುದು.

ರೈಸರು ತಪ್ಪಿಲ್ಲದವರೆಂದು ನಾವು ಹೇಳುವದಿಲ್ಲ. ಗಂಗರಸರವೆಂದು ಅವರು ನಂಬಿದ ತಾಮ್ರಪಟಗಳಲ್ಲಿ ಅನೇಕವು ಕೂಟಪಟಗಳೆಂದು ಫ್ಲೀಟ್ ಎಂಬ ವಿದ್ವಾಂಸರು ಬಹುಕಾಲ ವಾದಿಸಿದರು. ಕೆಲವುಗಳ ವಿಷಯದಲ್ಲಿ ಫ್ಲೀಟರೇ ಗೆದ್ದರು. ಆದರೆ ವೀಮ್ಸ್ ಪಾದ್ರಿಗಳು ವಾಷಿಂಗ್ಟನ್ನರ ಚರಿತ್ರೆಗೆ ಚೆರಿ ಮರದ ಕಥೆಯನ್ನು ಸೇರಿಸಿದ ಹಾಗೆ ರೈಸರು ಸೇರಿಸಲಿಲ್ಲ. ಮೂಲವನ್ನು ಹಾಗೆಯೇ ಅಚ್ಚು ಹಾಕಿಸಿದ್ದರಿಂದ, ಅವರ ತಪ್ಪನ್ನು ತಿದ್ದುವವರಿಗೂ ಅವರ ಪುಸ್ತಕವೇ ಆಧಾರವಾಯಿತು.

ಪಂಪಭಾರತವೂ ಕವಿರಾಜಮಾರ್ಗವೂ 1898ರಲ್ಲಿ ಅಚ್ಚಾದದ್ದು ಇವರು ನಡಿಸಿದ ಗ್ರಂಥಮಾಲೆಯಲ್ಲಿಯೇ. 1906ರ ತರುವಾಯ ಇಂಗ್ಲೆಂಡಿಗೆ ಹೋದ ಇವರು ಅಲ್ಲಿಂದಲೂ ಕೆಲಸವನ್ನು ಬಿಡದೆ, ಶಾಸನಗಳಿಂದ ತಿಳಿಯುವ ಮೈಸೂರು ಕೊಡಗುಗಳ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ ತಿಂಗಳಲ್ಲಿ, ತೊಂಬತ್ತು ವರುಷ ತುಂಬುವದಕ್ಕೆ ಕೆಲವೇ ದಿನಗಳಿರುವಾಗ, ಹ್ಯಾರೋ ಎಂಬ ಊರಿನಲ್ಲಿ ಪ್ರಾಣಬಿಟ್ಟರು.

ಅವರು ಓದದೆ ಬಿಟ್ಟ ಕಲ್ಲುಗಳು ಇನ್ನೂ ಉಳಿದಿವೆ. 2013ರಲ್ಲಿ ತಾಳಗುಂದದ ಅದೇ ಪ್ರಣವೇಶ್ವರನ ಗುಡಿಯ ಆವರಣವನ್ನು ಅಗೆಯುತ್ತಿರುವಾಗ ಸಿಂಹದ ಆಕಾರವುಳ್ಳ ಮೆಟ್ಟಿಲ ಕಲ್ಲೊಂದು ಸಿಕ್ಕಿತು. ಅದರ ಮೇಲಿನ ಬರಹವು ಕ್ರಿ. ಶ. 370ರ ಕಾಲದ ಕನ್ನಡವೆಂದು ಶೋಧಕರು ಹೇಳಿದ್ದಾರೆ. ರೈಸ್ ದೊರೆಗಳು ಕಂಬವನ್ನು ಓದಿದ ದಿನಗಳಲ್ಲಿ ಅದು ಅಲ್ಲಿಯೇ ಮಣ್ಣಿನೊಳಗೆ ಇತ್ತು.