ಲೆಕ್ಕ ಬಲ್ಲ ಸರಳಜೀವಿ ಕುಮಾರಪ್ಪನವರು

ಕುಮಾರಪ್ಪ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ತಮ್ಮ ಸೀಮೆಯವರೇ ಇರಬೇಕೆಂಬ ಭಾವನೆ ಬರುವುದು ಸಹಜ. ಆದರೆ ಗ್ರಾಮೋದ್ಯೋಗದ ಆಚಾರ್ಯರೆಂದು ಖ್ಯಾತರಾದ ಜೆ. ಸಿ. ಕುಮಾರಪ್ಪನವರು 1892ರ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದವರು. ಕಾರ್ನೀಲಿಯಸ್ ಎಂಬ ಕುಲನಾಮವನ್ನು ತ್ಯಜಿಸಿ ಪೂರ್ವಿಕರ ಹೆಸರನ್ನು ಧರಿಸಿದ್ದು ಮುಂದಿನ ಮಾತು.

ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನು ಕಲಿತು, ಮುಂಬಯಿಯಲ್ಲಿ ಆ ವೃತ್ತಿಯಿಂದ ಅನುಕೂಲಸ್ಥರಾಗಿದ್ದ ಅವರು 1927ರಲ್ಲಿ ಅಮೆರಿಕೆಗೆ ತೆರಳಿದರು. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಸೆಲಿಗ್ಮನ್ ಎಂಬ ಪಂಡಿತರ ಬಳಿ, ಭಾರತವು ಏಕೆ ಬಡದೇಶವಾಯಿತೆಂಬುದನ್ನು ಸರಕಾರದ ಆಯವ್ಯಯದ ಮೂಲಕವೇ ಶೋಧಿಸಿದರು. ಜನರ ಆಲಸ್ಯವೂ ಅಲ್ಲ, ಹಣೆಬರಹವೂ ಅಲ್ಲ. ರೈತನಿಂದ ಎತ್ತಿದ ಕಂದಾಯವು ಅವನ ಹಿತಕ್ಕೆ ಮರಳದಿರುವುದೇ ಕೇಡಿನ ಮೂಲವೆಂದು ಅಂಕಿಗಳು ನುಡಿದವು. ಅಲ್ಲಿಯವರೆಗೆ ಆಂಗ್ಲರ ಆಳ್ವಿಕೆಯನ್ನು ಮೆಚ್ಚಿಕೊಂಡಿದ್ದವರ ಕಣ್ಣು ತೆರೆಯಿತು.

ಆ ಪ್ರಬಂಧದ ಪ್ರಕಟಣೆಗಾಗಿ 1929ರ ಮೇ 9ರಂದು ಅವರು ಸಾಬರಮತಿಗೆ ಬಂದರು. ಮರದಡಿ ಸಗಣಿ ಸಾರಿಸಿದ ನೆಲದ ಮೇಲೆ ಕುಳಿತು ವೃದ್ಧರೊಬ್ಬರು ನೂಲುತ್ತಿದ್ದರು. ಅವರೇ ಗಾಂಧೀಜಿಯೆಂದು ತಿಳಿದೊಡನೆ ರೇಷ್ಮೆಯ ಸೂಟು ಧರಿಸಿದ್ದ ಲೆಕ್ಕಪರಿಶೋಧಕರು ಅದೇ ನೆಲದ ಮೇಲೆ ಕುಳಿತರು. ಕುರ್ಚಿ ತಂದರೂ ಏಳಲಿಲ್ಲ. ಗಾಂಧೀಜಿ ಅವರನ್ನು ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಲು ಕಳುಹಿಸಿದರು. ಸೂಟಿನ ಕಾಲ ಅಲ್ಲಿಗೆ ತೀರಿತು.

1934ರಲ್ಲಿ ಬಿಹಾರದ ಭೂಕಂಪ ಸಂಭವಿಸಿದಾಗ ರಾಜೇಂದ್ರಪ್ರಸಾದರ ಪರಿಹಾರ ಸಮಿತಿಯ ಹಣಕಾಸು ಇವರ ಕೈಗೆ ಬಂತು. ದಾನಿಗಳು ನೊಂದವರಿಗಾಗಿ ಕೊಟ್ಟ ಹಣವನ್ನು ಸೇವಕರು ಉಣ್ಣಲಾಗದೆಂದು ಕಾರ್ಯಕರ್ತರ ಊಟಕ್ಕೆ ದಿನಕ್ಕೆ ಮೂರಾಣೆಯ ಮಿತಿ ಹಾಕಿದರು. ಗಾಂಧೀಜಿ ಪರಿವಾರದೊಡನೆ ಬಂದಾಗ ಅವರ ಹಾಲು ಹಣ್ಣುಗಳ ವೆಚ್ಚವನ್ನೂ ವಾಹನದ ವೆಚ್ಚವನ್ನೂ ಸಮಿತಿ ಭರಿಸದೆಂದು ಮುಲಾಜಿಲ್ಲದೆ ತಿಳಿಸಿದರು. ಗುರುವಿಗೇ ಲೆಕ್ಕ ಒಪ್ಪಿಸೆಂದ ಶಿಷ್ಯನ ಮೇಲೆ ಗುರುವಿಗೆ ಕೋಪ ಬರಲಿಲ್ಲ. ಆ ವೆಚ್ಚವನ್ನು ತಾವೇ ವಹಿಸಿಕೊಂಡರು. ಸಾರ್ವಜನಿಕ ಹಣವನ್ನು ಕೈಯಲ್ಲಿ ಹಿಡಿದವರೆಲ್ಲರೂ ನೆನೆಯತಕ್ಕ ಪ್ರಸಂಗವಿದು.

ಅದೇ ವರ್ಷಾಂತ್ಯದಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯದರ್ಶಿಯಾಗಿ ವಾರ್ಧಾದ ಮಗನವಾಡಿಯಲ್ಲಿ ನೆಲೆಸಿದರು. ಕೈಯಿಂದ ಕುಟ್ಟಿದ ಅಕ್ಕಿ, ಗಾಣದ ಎಣ್ಣೆ, ಬೆಲ್ಲ, ಕೈಕಾಗದ, ಸೀಮೆಎಣ್ಣೆಗೆ ಬದಲಾಗಿ ಸಸ್ಯದ ಎಣ್ಣೆಯಿಂದ ಉರಿಯುವ ದೀಪ ಇವೇ ಅಲ್ಲಿಯ ಶಾಸ್ತ್ರವಿಷಯಗಳಾದವು. ಹಳತೆಂಬ ಮೋಹದಿಂದ ಅವರು ಇವನ್ನು ಹಿಡಿದವರಲ್ಲ. ಗಿರಣಿಯಲ್ಲಿ ಮೆರುಗು ಪಡೆದ ಅಕ್ಕಿಯಲ್ಲಿ ಪುಷ್ಟಿಯೂ ಹೋಯಿತು, ಕುಟ್ಟುವ ಹೆಂಗಸಿನ ಕೂಲಿಯೂ ಹೋಯಿತು. ಬಿಳುಪು ಮಾತ್ರ ಉಳಿಯಿತೆಂಬುದು ಅವರ ಲೆಕ್ಕ. ಅಗ್ಗವಾಗಿ ದೊರೆತ ಸಾಮಾನಿನ ಹಿಂದೆ ಯಾರ ಹೊಟ್ಟೆಗೆ ಪೆಟ್ಟು ಬಿದ್ದಿದೆಯೋ ಅದರ ಪಾಲು ಕೊಂಡವನಿಗೂ ತಟ್ಟುತ್ತದೆಂದು ಅವರು ಸಾಧಿಸಿದರು.

ಸೆರೆಮನೆಯಲ್ಲಿ ರಚಿತವಾದ ಅವರ ಶಾಶ್ವತ ಅರ್ಥವ್ಯವಸ್ಥೆಯ ಗ್ರಂಥದಲ್ಲಿ ಒಂದು ಸೂಕ್ಷ್ಮ ವಿಚಾರವಿದೆ. ಬಾಳಿನ ಮಟ್ಟವನ್ನು ಮೇಲು, ಕೀಳು ಎಂದು ಅಳೆಯುವ ವಾಡಿಕೆಯನ್ನು ತಳ್ಳಿ, ಸರಳ, ಜಟಿಲ ಎಂದು ವಿಂಗಡಿಸಿದರು. ಬೇಕುಗಳು ಹೆಚ್ಚಿದಷ್ಟೂ ಬಾಳು ಜಟಿಲವಾದೀತೇ ವಿನಾ ಉನ್ನತವಾಗಬೇಕೆಂದಿಲ್ಲ. ಇದನ್ನು ಬಡವನಿಗೆ ಮಾಡಿದ ತೃಪ್ತಿಯ ಉಪದೇಶವೆಂದು ತಿಳಿದವರು ತಪ್ಪಿದರು. ಹಸಿವನ್ನು ಅವರು ಎಂದೂ ಸರಳತೆಯೆಂದು ಕರೆಯಲಿಲ್ಲ. ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ಉಳುವವನ ಪಕ್ಷವನ್ನೇ ಹಿಡಿದರು.

ಅವರ ನಾಲಗೆ ಹರಿತ. ಒಡನಾಡಿಗಳು ನೊಂದದ್ದೂ ಉಂಟು. ಹೊಸ ಸರಕಾರದ ಹಾದಿ ಒಗ್ಗದೆ, ಅವಿವಾಹಿತರಾಗಿಯೇ ಉಳಿದಿದ್ದ ಅವರು ಕಡೆಗಾಲದಲ್ಲಿ ಮದುರೆಯ ಬಳಿಯ ಕಲ್ಲುಪಟ್ಟಿಯಲ್ಲಿ ನೆಲೆಸಿದರು. ಮನೆಯ ಗೋಡೆಯ ಮೇಲೆ ಬಡ ರೈತನೊಬ್ಬನ ಚಿತ್ರವಿತ್ತು. ಯಾರೆಂದು ಕೇಳಿದವರಿಗೆ, ತಮ್ಮ ಗುರುವಿನ ಗುರುವೆಂದು ಪರಿಚಯಿಸುತ್ತಿದ್ದರು. 1960ರ ಜನವರಿ 30ರಂದು, ಗಾಂಧೀಜಿ ಅಗಲಿದ ದಿನವೇ, ಮದರಾಸಿನಲ್ಲಿ ಅವರು ದೇಹವಿಟ್ಟರು.